ಯಾರ ಎಡ, ಯಾರ ಬಲ

"ಕೇಳಿಸ್ತೇನೋ?" ಎಂದು ವಿದಾಲ್ ಕೇಳುವಷ್ಟರಲ್ಲಿ ಲಾಬಾರ್ತ್ ಎರಡು ಸಲ ತಲೆಯಾಡಿಸಿಯಾಗಿತ್ತು.

ಯಾವುದಕ್ಕೆ ತಲೆಯಾಡಿಸಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಕೋಣೆಯಲ್ಲಿದ್ದದ್ದು ಒಂದೇ ಕನ್ನಡಿ. ಇಬ್ಬರೂ ಅದರ ಮುಂದೆ ನಿಂತು ಕೊರಳಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ವಿದಾಲ್ ಎಂದಿನಂತೆ ಎಡಬದಿಗೆ ನಿಂತು ಎಂದಿನಂತೆ ಮಾತಾಡುತ್ತಿದ್ದ. ಕನ್ನಡಿಯಲ್ಲಿ ಅವನ ಬಾಯಿ ಆಡುವುದು ಕಾಣುತ್ತಿತ್ತು. ಬಾಯಿ ನಿಂತಾಗ ತಲೆಯಾಡಿಸಿದರೆ ಸಾಕು ಎಂಬುದನ್ನು ಲಾಬಾರ್ತ್ ಐದು ವರ್ಷಗಳಲ್ಲಿ ಕಲಿತುಕೊಂಡಿದ್ದ.

"ಸರಿ, ಮಾತು ಕೊಟ್ಟ ಹಾಗಾಯ್ತು," ಎಂದು ವಿದಾಲ್ ಬೆನ್ನಿಗೊಂದು ಗುದ್ದಿ ಬಲಬದಿಗೆ ಬಂದ. "ಇವತ್ತು ನನ್ನ ಪಕ್ಕದಲ್ಲೇ ಕೂರ್ತೀಯ. ಎಡಗಡೆ."

"ನಾನೆಲ್ಲಿ ಕೂತರೆ ಏನೋ?"

"ಏನೋ ಅಂತೀಯಲ್ಲ! ಮೂರು ವಾರದಿಂದ ನೋಡ್ತಾ ಇದೀನಿ. ಆ ಬಲಗಡೆ ಬೆಂಚಲ್ಲಿ ನಿನ್ನ ಹಿಂದೆ ಇಬ್ಬರು ಬಿಷಪ್ಪರು, ಮುಂದೆ ಮಾರ್ಕ್ವಿ ಪದವಿಯ ಒಬ್ಬ ಶ್ರೀಮಂತ. ನಡುವೆ ಕಸ್ತೆಲ್‌ರೂ ಊರಿನ ನೋಟರಿ. ಜನ ಏನಂದ್ಕೋತಾರೆ?"

"ನಾನು ಮೊದಲಿಂದಲೂ ಅಲ್ಲೇ ಕೂತಿದ್ದೀನಿ. ಆಮೇಲೆ ಬಂದು ಕೂತವರು ಅವರು."

"ಅದನ್ನ ಯಾರು ನೋಡ್ತಾರೆ ಮಾರಾಯ?"

"ಅಲ್ಲಿ ಗಾಳಿ ಚೆನ್ನಾಗಿದೆ."

ವಿದಾಲ್ ಕೋಣೆ ತುಂಬ ನಕ್ಕ. ಅವನದು ದೊಡ್ಡ ದೇಹ, ದೊಡ್ಡ ದನಿ. ಕಸ್ತೆಲ್‌ರೂವಿನ ವೈದ್ಯ. ರೋಗಿಗಳು ಅವನ ನಗು ಕೇಳಿಯೇ ಅರ್ಧ ಗುಣವಾಗುತ್ತಿದ್ದರು. 1789ರ ವಸಂತದಲ್ಲಿ ಊರು ಇಬ್ಬರನ್ನು ಆರಿಸಿ, ದೊರೆ ಕರೆದ ಪ್ರತಿನಿಧಿಗಳ ಸಭೆಗೆಂದು ವರ್ಸಾಯಿಗೆ ಕಳಿಸಿತ್ತು: ಮಾತಾಡುವುದಕ್ಕೆ ವಿದಾಲ್, ಬರೆದುಕೊಳ್ಳುವುದಕ್ಕೆ ಲಾಬಾರ್ತ್. ಅಂದಿನಿಂದ ಇಬ್ಬರೂ ಈ ವಿಗ್ ಮಾಡುವವನ ಮನೆಯ ಮಹಡಿಯಲ್ಲಿ ಒಂದೇ ಕೋಣೆ, ಒಂದೇ ಕನ್ನಡಿ ಹಂಚಿಕೊಂಡಿದ್ದರು.

ಲಾಬಾರ್ತ್ ಬಲಗಡೆ ಕೂರುವುದಕ್ಕೆ ಕಾರಣ ಗಾಳಿಯಲ್ಲ, ಕಿವಿ. ಐದು ವರ್ಷದ ಹಿಂದೆ ಒಂದು ಜ್ವರ ಬಂದು, ಹೋಗುವಾಗ ಎಡಗಿವಿಯನ್ನು ತೆಗೆದುಕೊಂಡು ಹೋಗಿತ್ತು. ಈ ಸಂಗತಿ ಗೊತ್ತಿದ್ದದ್ದು ಹೆಂಡತಿ ಒಡೀಲ್ ಒಬ್ಬಳಿಗೆ. ನೋಟರಿಯ ಕೆಲಸವೆಂದರೆ ಕೇಳಿಸಿಕೊಳ್ಳುವುದು. ಸಾಯುವವನು ಕಡೆಯ ಉಸಿರಿನಲ್ಲಿ ಹೇಳಿದ ಹೆಸರು ಜಾನ್‌ನದೋ ಜಾಕ್‌ನದೋ ಎಂಬುದರ ಮೇಲೆ ಒಂದು ದ್ರಾಕ್ಷಿತೋಟ ನಿಂತಿರುತ್ತದೆ. ಕಿವುಡ ನೋಟರಿಯ ಬಾಗಿಲಿಗೆ ಯಾರು ಬರುತ್ತಾರೆ? ಕಿವುಡ ಸದಸ್ಯನನ್ನು ಯಾರು ಕಳಿಸುತ್ತಾರೆ?

ಸಭಾಭವನದಲ್ಲಿ, ಅಧ್ಯಕ್ಷರ ಬಲಗಡೆಯ ಮೂರನೆಯ ಬೆಂಚಿನಲ್ಲಿ, ಕಂಬದ ಪಕ್ಕ ಕೂತರೆ, ಮಾತಾಡುವವರು ಹತ್ತಿ ನಿಲ್ಲುವ ಭಾಷಣದ ಮೆಟ್ಟಿಲು ಸರಿಯಾಗಿ ಅವನ ಬಲಗಿವಿಯ ಕಡೆಗೆ ಬೀಳುತ್ತಿತ್ತು. ಅಷ್ಟೇ. ಮೊದಮೊದಲು ಅಲ್ಲಿ ಎಲ್ಲ ಬಗೆಯವರೂ ಕೂರುತ್ತಿದ್ದರು. ಆಗಸ್ಟ್ ಬಂದ ಮೇಲೆ, ಯಾರೂ ಹೇಳದೆ, ಮದುವೆ ಊಟದಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ತಾವಾಗಿ ಬೇರೆ ಬೇರೆ ಸಾಲು ಹಿಡಿಯುವ ಹಾಗೆ, ದೊರೆಯ ಮಾತೇ ಕೊನೆಯ ಮಾತು ಎನ್ನುವವರು ಬಲಕ್ಕೆ ಸರಿದರು, ಅಲ್ಲ ಎನ್ನುವವರು ಎಡಕ್ಕೆ ಸರಿದರು. ಲಾಬಾರ್ತ್ ಸರಿಯಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿದ್ದ ಸಾಬೂನಿನ ವ್ಯಾಪಾರಿ ಇರಲಿಲ್ಲ. ಅವನ ಜಾಗದಲ್ಲಿ ಸೆರಿಯಾಕ್‌ನ ಮುದಿ ಕೌಂಟ್ ನಶ್ಯದ ಡಬ್ಬಿ ತೆರೆದು, "ತಗೊಳ್ಳಿ. ನಮ್ಮವರು ಅಂತ ಆದಮೇಲೆ ಸಂಕೋಚ ಯಾಕೆ?" ಎಂದಿದ್ದರು. ಲಾಬಾರ್ತ್ ನಶ್ಯ ಏರಿಸಿ ಸೀನಿದ್ದ.

"ಗಾಳಿಯಂತೆ!" ವಿದಾಲ್ ಟೋಪಿ ಇಟ್ಟುಕೊಂಡ. "ಒಡೀಲ್ ಬರೋದು ಹತ್ತು ಗಂಟೆಗಲ್ವಾ? ಕರ್ಕೊಂಡು ಬಾ. ಸಭಾಭವನದಲ್ಲಿ, ನೋಡೋಕೆ ಬಂದೋರು ಕೂರೋ ಮೇಲಿನ ಮಹಡೀಲಿ ಜಾಗ ಇಡಿಸಿರ್ತೀನಿ. ಗಂಡ ಎಲ್ಲಿ ಕೂತಿದಾನೆ ಅಂತ ನೋಡ್ಲಿ ಅವಳೂ."

ಹೊರಗೆ ಬಿಸಿಲು. ಶನಿವಾರ. ಬೀದಿಯಲ್ಲಿ ಮೂರು ಬಣ್ಣದ ರಿಬ್ಬನ್ ಮಾರುವವಳು ಇವನ ಕೋಟಿನ ಮೇಲೆ ಆಗಲೇ ಒಂದಿದ್ದರೂ ಇನ್ನೊಂದು ಚುಚ್ಚಿ, ಕೆನ್ನೆಗೆ ಮುತ್ತಿಟ್ಟು, ಮುಂದಿನವನ ಬಳಿ ಹೋದಳು. ಆ ಬೇಸಿಗೆಯೇ ಹಾಗಿತ್ತು. ಗುರುತಿಲ್ಲದವರು ತಬ್ಬಿಕೊಳ್ಳುತ್ತಿದ್ದರು. ಒಬ್ಬ ಮುದುಕ ಗಂಟೆಯ ಸದ್ದು ಕೇಳಿ ಸುಮ್ಮನೆ ಅಳುತ್ತಾ ನಿಂತಿದ್ದ. ಅವನನ್ನು ನೋಡಿ ಲಾಬಾರ್ತ್ ಕೂಡ ಟೋಪಿ ತೆಗೆದು ಪಕ್ಕದಲ್ಲಿ ನಿಂತ. ಮುದುಕ ಯಾಕೆ ಅಳುತ್ತಿದ್ದಾನೆಂದು ಅವನಿಗೆ ತಿಳಿಯದು. ಎಲ್ಲರ ಸಂತೋಷವೂ ಅವನಿಗೆ ಹೀಗೇ ಸಿಗುತ್ತಿತ್ತು, ಕಣ್ಣಿನಿಂದ, ಅರ್ಧ ಕ್ಷಣ ತಡವಾಗಿ.

ಪ್ಯಾರಿಸ್‌ನಿಂದ ಬಂದ ಗಾಡಿಯಿಂದ ಒಡೀಲ್ ಬುಟ್ಟಿ ಸಮೇತ ಜಿಗಿದಳು. ಎಂಟು ದಿನದ ಪ್ರಯಾಣದ ಧೂಳು ಅವಳ ರೆಪ್ಪೆಯ ಮೇಲಿತ್ತು. ಅವನನ್ನು ತಬ್ಬಿ, ಬಿಟ್ಟು, ಸುತ್ತು ಹಾಕಿ ಬಲಬದಿಗೆ ಬಂದು ನಡೆಯತೊಡಗಿದಳು. ಅದು ಅವಳಿಗೆ ಉಸಿರಾಟದಷ್ಟು ರೂಢಿ.

"ಸೊರಗಿದೀರ ರೀ."

"ಇಲ್ಲಿ ಬ್ರೆಡ್ ಸಿಗಲ್ಲ."

"ನಾನು ತಂದಿದೀನಲ್ಲ! ಆಕ್ರೋಟು ಹಾಕಿದ್ದು. ಒಣ ಪ್ಲಮ್ ಇದೆ, ಆಡಿನ ಚೀಸ್ ಇದೆ. ಅದರ ವಾಸನೆಗೆ ಗಾಡೀಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ರಾಣಿ ಥರ ಬಂದೆ."

ಬೇಕರಿಯ ಮುಂದೆ ಹೆಂಗಸರ ಸಾಲು ಬೀದಿಯ ತಿರುವಿನವರೆಗೂ ಇತ್ತು. ಬುಟ್ಟಿಯಿಂದ ಹೊರಚಾಚಿದ್ದ ಬ್ರೆಡ್ಡನ್ನು ಅಷ್ಟೂ ಕಣ್ಣುಗಳು ನೋಡಿದವು. ಒಡೀಲ್ ನಿಂತಳು. "ಅಯ್ಯೋ," ಎಂದು ಅದನ್ನು ಮೊಣಕಾಲಿಗೆ ಬಡಿದು ಎರಡಾಗಿ ಮುರಿದು, ದೊಡ್ಡ ತುಂಡನ್ನು ಸಾಲಿನ ಮೊದಲ ಹೆಂಗಸಿಗೆ ಕೊಟ್ಟು, "ಹಿಂದಕ್ಕೆ ದಾಟಿಸ್ರಮ್ಮಾ!" ಎಂದಳು. ತುಂಡು ಕೈಯಿಂದ ಕೈಗೆ ಹೋಯಿತು. ಸಾಲಿನ ಕೊನೆಯಿಂದ ಒಂದು ಕೇಕೆ ಬಂತು. ಲಾಬಾರ್ತ್‌ಗೆ ಹೆಮ್ಮೆಯೆನಿಸಿತು. ಆಮೇಲೆ, ಹೀಗೆ ಮಾಡಬೇಕೆಂದು ಆ ಬೀದಿಯಲ್ಲಿ ನಾಲ್ಕು ತಿಂಗಳು ಓಡಾಡಿದ ತನಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ ಎನಿಸಿತು.

"ಊರಲ್ಲಿ ಕೇಳ್ತಾರೆ," ಎಂದಳು ಒಡೀಲ್, ಸ್ವಲ್ಪ ದೂರ ಬಂದ ಮೇಲೆ.

"ಏನಂತ?"

"ವಿದಾಲ್ ಮೂರು ಸಲ ಮಾತಾಡಿದ್ದು ಪತ್ರಿಕೇಲಿ ಬಂದಿದೆ. ಪಾದ್ರಿಗಳು ಚರ್ಚ್ ಬಾಗಿಲಲ್ಲಿ ನಿಂತು ಓದಿದ್ರು. ನಿಮ್ಮ ಯಜಮಾನರು ಏನ್ ಮಾಡ್ತಿದಾರಮ್ಮಾ ಅಂತಾರೆ."

"ಕೇಳಿಸ್ಕೊಳ್ತಾ ಇದಾರೆ ಅಂತ ಹೇಳು."

ಒಡೀಲ್ ಬೀದಿಯ ನಡುವೆ ನಿಂತುಬಿಟ್ಟಳು. ಬುಟ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಕ್ಕಳು. ನಕ್ಕು ನಕ್ಕು ಧೂಳಿನ ಕೆನ್ನೆಯಲ್ಲಿ ಎರಡು ಗೆರೆ ಇಳಿದವು. ಅವನೂ ನಕ್ಕ.

"ಹೇಳಿಬಿಡಿ ರೀ," ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ವಿದಾಲ್ ಒಬ್ಬರಿಗಾದರೂ ಹೇಳಿ. ಅವರೇನು ಬೇರೆಯವರಾ?"

"ನೋಡೋಣ."

"ಐದು ವರ್ಷದಿಂದ ನೋಡ್ತಾನೇ ಇದೀರ."

ಅವಳನ್ನು ಮೇಲಿನ ಮಹಡಿಗೆ ಹತ್ತಿಸಿ ಲಾಬಾರ್ತ್ ಕೆಳಗಿನ ಬಾಗಿಲಿಂದ ಒಳಗೆ ಬಂದ. ಸಭೆಗೆ ಆಗಲೇ ಬಿಸಿಯೇರಿತ್ತು. ದೊರೆಗೆ "ಬೇಡ" ಎನ್ನುವ ಅಧಿಕಾರ ಇರಬೇಕೋ ಬೇಡವೋ ಎಂಬ ಚರ್ಚೆ. ಭವನದ ನಡುವೆ, ಎರಡು ಕಡೆಯ ಬೆಂಚುಗಳ ಮಧ್ಯೆ, ಈಗ ಯಾರೂ ಕೂರದ ಅಡ್ಡ ಬೆಂಚುಗಳ ಪಕ್ಕದಲ್ಲಿ ಅವನು ಟೋಪಿ ಹಿಡಿದು ನಿಂತ. ಬಲದಿಂದ ಕೌಂಟ್ ನಶ್ಯದ ಡಬ್ಬಿ ಎತ್ತಿ ತೋರಿಸಿದರು. ಎಡದಿಂದ ವಿದಾಲ್ ಟೋಪಿ ಬೀಸಿದ.

ಕೌಂಟ್ ಮೊನ್ನೆ ಅವನಿಗೆ ಪಾಠ ಹೇಳಿದ್ದರು. "ಬಲಗಡೆ ಅಂದ್ರೆ ಮರ್ಯಾದೆ ಜಾಗ. ಊಟಕ್ಕೆ ಕರೆದವನು ದೊಡ್ಡ ಅತಿಥೀನ ಎಲ್ಲಿ ಕೂರಿಸ್ತಾನೆ? ಕೊನೇ ತೀರ್ಪಿನ ದಿನ ದೇವರು ಒಳ್ಳೆಯವರನ್ನ ಎಲ್ಲಿ ನಿಲ್ಲಿಸ್ತಾನೆ? ನಾವು ಅಲ್ಲಿ ಬಂದು ಕೂತದ್ದು ಸುಮ್ಮನೆ ಅಲ್ಲ." ವಿದಾಲ್‌ಗೆ ಇದನ್ನು ಹೇಳಿದಾಗ ಅವನು ಎದೆ ಬಡಿದುಕೊಂಡಿದ್ದ: "ಹೃದಯ ಯಾವ ಕಡೆ ಇದೆ ಅಂತ ಕೇಳು ಆ ಮುದುಕನಿಗೆ. ಕೊಯ್ದು ನೋಡಿದೀನಿ, ನನಗೆ ಗೊತ್ತು."

ಲಾಬಾರ್ತ್‌ಗೆ ಎರಡೂ ಒಪ್ಪಿಗೆಯಾಗಿದ್ದವು. ಅವನನ್ನು ಕಾಡಿದ್ದು ಬೇರೆ. ಇಪ್ಪತ್ತು ವರ್ಷ ಜಮೀನಿನ ಪತ್ರ ಬರೆದವನು ಅವನು. 'ಎಡಕ್ಕೆ ವಿಧವೆ ಮರೇಲಳ ಹಿತ್ತಿಲು' ಎಂದು ಬರೆದರೆ ಪತ್ರ ನಿಲ್ಲುವುದಿಲ್ಲ. 'ಬಾಗಿಲಿನಿಂದ ಹೊರಬರುವಾಗ ಎಡಕ್ಕೆ' ಎಂದು ಬರೆಯಬೇಕು. ಇಲ್ಲಿ ಎಡ ಬಲ ಎರಡೂ ಅಧ್ಯಕ್ಷರ ಕೈಗಳಿಂದ ಹುಟ್ಟಿದ್ದವು. ಅವರು ಒಮ್ಮೆ ಎದ್ದು ಗೋಡೆಯ ಕಡೆ ತಿರುಗಿದರೆ ಬಿಷಪ್ಪರೆಲ್ಲ ಎಡಗಡೆಯವರು, ವಿದಾಲ್ ಬಲಗಡೆಯವನು. ಆದರೆ ಎರಡು ವಾರದಿಂದ ಜನ ಬೀದಿಯಲ್ಲೂ, ಹೆಂಡದಂಗಡಿಯಲ್ಲೂ, ಯಾವ ಅಧ್ಯಕ್ಷರೂ ಇಲ್ಲದ ಕಡೆಯಲ್ಲೂ "ಅವನು ಎಡ," "ಇವನು ಬಲ" ಎನ್ನತೊಡಗಿದ್ದರು. ಎಲ್ಲಿ ನಿಂತು ನೋಡಿದರೆ ಎಂದು ಯಾರೂ ಕೇಳುತ್ತಿರಲಿಲ್ಲ.

ತಲೆಯೆತ್ತಿದ. ಮಹಡಿಯ ಕಟಕಟೆಯ ಮೇಲೆ ಒರಗಿ ಒಡೀಲ್ ಪಕ್ಕದವಳಿಗೆ ಪ್ಲಮ್ ಹಂಚುತ್ತಿದ್ದಳು.

ಲಾಬಾರ್ತ್ ಎಡಕ್ಕೆ ನಡೆದ.

"ಬಂದ! ಬಂದ!" ಯಾರೋ ಎದ್ದು ಎರಡೂ ಕೆನ್ನೆಗೆ ಮುತ್ತಿಟ್ಟರು. ಸಾಬೂನಿನ ವ್ಯಾಪಾರಿ ಜಾಗ ಬಿಟ್ಟ. ವಿದಾಲ್ ಅವನ ಹೆಗಲ ಮೇಲೆ ತೋಳು ಹಾಕಿ ಕೂರಿಸಿಕೊಂಡ. ಹಿಂದಿನವರು ಬೆನ್ನು ತಟ್ಟಿದರು. ಮೇಲಿಂದ ಹೆಂಗಸರು ಚಪ್ಪಾಳೆ ಹೊಡೆದರು. ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ, ಹದಿನೈದು ಹೆಜ್ಜೆ. ಇಷ್ಟಕ್ಕೆ ಇಷ್ಟು ಪ್ರೀತಿ! ಲಾಬಾರ್ತ್‌ನ ಎದೆ ನಿಜವಾಗಿಯೂ ತುಂಬಿತು. ಎಷ್ಟು ಸುಲಭವಿತ್ತು, ಮೊದಲೇ ಬರಬಹುದಿತ್ತು ಎಂದುಕೊಂಡ.

ಆಮೇಲೆ ಸದ್ದು ನಿಂತುಹೋಯಿತು.

ನಿಂತದ್ದು ಅವನ ಪಾಲಿಗೆ ಮಾತ್ರ. ಇಲ್ಲಿಂದ ಭಾಷಣದ ಮೆಟ್ಟಿಲು ಎಡಗಿವಿಗೆ ಬೀಳುತ್ತಿತ್ತು. ಬಲಗಿವಿಯ ಪಾಲಿಗೆ ಬಂದದ್ದು ಗೋಡೆ, ಮತ್ತು ಗೋಡೆಗೆ ಬಡಿದು ವಾಪಸು ಬರುವ ಒಂದು ಗುಂಯ್. ಮೆಟ್ಟಿಲ ಮೇಲೆ ಒಬ್ಬ ಕೈ ಎತ್ತುತ್ತಿದ್ದ, ಇಳಿಸುತ್ತಿದ್ದ, ಇನ್ನೊಬ್ಬ ಹತ್ತುತ್ತಿದ್ದ. ವಿದಾಲ್‌ನ ತೋಳು ಹೆಗಲ ಮೇಲೆ ನಗುವಾಗ ಕುಲುಕುತ್ತಿತ್ತು, ಸಿಟ್ಟಾದಾಗ ಬಿಗಿಯುತ್ತಿತ್ತು. ಆ ತೋಳು ಹೇಳಿದ ಹಾಗೆ ಲಾಬಾರ್ತ್ ನಕ್ಕ, ಹಲ್ಲು ಕಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟಿದ. ಬೆಚ್ಚಗಿತ್ತು. ಬೆವರು, ಪುಡಿ ಹಾಕಿದ ಕೂದಲು, ಯಾರದೋ ಜೇಬಿನ ಬೆಳ್ಳುಳ್ಳಿ. ಅವನು ಇಷ್ಟು ಸುಖವಾಗಿ ಎಂದೂ ಕೂತಿರಲಿಲ್ಲ.

ಮತಕ್ಕೆ ಹಾಕುವ ಹೊತ್ತು ಬಂತು. ಇಲ್ಲಿ ಮತವೆಂದರೆ ಏಳುವುದು ಅಥವಾ ಕೂತಿರುವುದು. ಒಪ್ಪುವವರು ಏಳಬೇಕು, ಒಪ್ಪದವರು ಕೂತಿರಬೇಕು. ಅಧ್ಯಕ್ಷರು ಗಂಟೆ ಎತ್ತಿ ಅಲ್ಲಾಡಿಸಿದ್ದು ಕಂಡಿತು, ಬಾಯಿ ಆಡಿದ್ದು ಕಂಡಿತು. ಲಾಬಾರ್ತ್‌ಗೆ ಇದಕ್ಕೊಂದು ಉಪಾಯವಿತ್ತು. ಮುಂದಿನವನ ಮೊಣಕಾಲು ನೋಡುವುದು. ಅವನ ಮುಂದೆ ಕೂತಿದ್ದದ್ದು ಒಬ್ಬ ಸ್ಥೂಲದೇಹಿ ವಕೀಲ. ವಕೀಲನ ಮೊಣಕಾಲು ನೆಟ್ಟಗಾದವು, ಬೆನ್ನು ಮೇಲೆ ಬಂತು.

ಲಾಬಾರ್ತ್ ಎದ್ದು ನಿಂತ.

ವಕೀಲ ತೊಡೆಯಡಿ ಸಿಕ್ಕಿಕೊಂಡಿದ್ದ ಕೋಟಿನ ತುದಿಯನ್ನು ಎಳೆದುಕೊಂಡು ಮತ್ತೆ ಕೂತ.

ಸುತ್ತಲೂ ತಲೆಗಳಿದ್ದವು. ಎಲ್ಲ ಅವನ ಸೊಂಟದ ಮಟ್ಟದಲ್ಲಿ. ಎಡಗಡೆಯಲ್ಲಿ ನಿಂತಿದ್ದವನು ಅವನೊಬ್ಬನೇ. ಎದುರುಗಡೆ, ನಡುವಿನ ಜಾಗದಾಚೆ, ಬಲಗಡೆಯವರಷ್ಟೂ ನಿಂತಿದ್ದರು. ಬಿಷಪ್ಪರು, ಮಾರ್ಕ್ವಿಗಳು, ಡಬ್ಬಿ ಹಿಡಿದ ಕೌಂಟ್. ಅವರೆಲ್ಲ ಅವನನ್ನೇ ನೋಡುತ್ತಿದ್ದರು. ಹೆಗಲ ಮೇಲಿನ ತೋಳು ಈಗ ಇರಲಿಲ್ಲ.

ಮೌನವನ್ನು ಕಿವುಡನಷ್ಟು ಬೇಗ ಗುರುತಿಸುವವರಿಲ್ಲ. ಕೂತುಬಿಡಬೇಕು ಎಂದುಕೊಂಡ. ಅಷ್ಟು ಹೊತ್ತಿಗೆ ತಡವಾಗಿತ್ತು.

ಅಧ್ಯಕ್ಷರು ಮುಂದಕ್ಕೆ ಬಾಗಿ ಏನೋ ಕೇಳಿದರು. ಮತ್ತೆ ಕೇಳಿದರು. ಏಳೆಂಟು ನೂರು ಮುಖಗಳು ಅವನ ಕಡೆ ತಿರುಗಿದವು. ಐದು ವರ್ಷಗಳಲ್ಲಿ ಮೊದಲ ಬಾರಿಗೆ ಲಾಬಾರ್ತ್ ತಲೆಯಾಡಿಸಲಿಲ್ಲ.

"ನನಗೆ ಕೇಳಿಸಲಿಲ್ಲ," ಎಂದ.

ತನ್ನ ದನಿಯ ಅಳತೆ ಅವನಿಗೆ ತಿಳಿಯುತ್ತಿರಲಿಲ್ಲ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದ. ಅದು ಕೊನೆಯ ಕಂಬದವರೆಗೂ ಹೋಗಿ ಮಹಡಿಯ ಅಡಿಗೆ ಬಡಿಯಿತು.

ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಬೆಂಕಿ ಬಿದ್ದವರ ಹಾಗೆ ಎದ್ದು ಕೂಗಿದರು: "ನಿಜ! ಯಾರಿಗೆ ಕೇಳಿಸಿದೆ? ಇಪ್ಪತ್ತೈದು ದಶಲಕ್ಷ ಜನ ಕೂಗ್ತಾ ಇದಾರೆ, ಈ ಛಾವಣಿ ಕೆಳಗೆ ಯಾರಿಗೆ ಕೇಳಿಸಿದೆ?" ಎದುರುಗಡೆ ಕೌಂಟ್ ಕೈಯೆತ್ತಿದರು: "ಅಲ್ಲಿ ಕೂತೂ ಸತ್ಯ ಹೇಳಿದ! ಈ ಗದ್ದಲದಲ್ಲಿ ಮರ್ಯಾದಸ್ಥರ ಮಾತು ಯಾರಿಗೆ ತಾನೇ ಕೇಳಿಸುತ್ತೆ?" ಎರಡೂ ಕಡೆ ಒಟ್ಟಿಗೆ ಚಪ್ಪಾಳೆ ಹೊಡೆದವು. ಎರಡೂ ಕಡೆ ಒಟ್ಟಿಗೆ ಚಪ್ಪಾಳೆ ಹೊಡೆದದ್ದು ಆ ತಿಂಗಳಲ್ಲಿ ಅದೇ ಮೊದಲು. ಮಹಡಿಯ ಹೆಂಗಸರು ಕಾಲು ಬಡಿದರು. ಮೇಲಿಂದ ಧೂಳೂ ಪ್ಲಮ್ಮಿನ ಬೀಜಗಳೂ ಉದುರಿದವು. ಕೂತಿದ್ದವರು ಎದ್ದರು, ಎದ್ದಿದ್ದವರು ಬೆಂಚು ಹತ್ತಿದರು. ಎಣಿಸುವವರು ಕೈಚೆಲ್ಲಿದರು. ಅಧ್ಯಕ್ಷರು ಗಂಟೆ ಬಾರಿಸಿ ಬಾರಿಸಿ ಕೊನೆಗೆ ತಾವೇ ನಗತೊಡಗಿದರು. ಸಭೆ ಸೋಮವಾರಕ್ಕೆ ಹೋಯಿತು.

ಮತಕ್ಕೆ ಹಾಕಿದ್ದ ಪ್ರಶ್ನೆಯೂ ಅದೇ ಆಗಿತ್ತೆಂದು ಲಾಬಾರ್ತ್‌ಗೆ ಆಮೇಲೆ ತಿಳಿಯಿತು: ಸೋಮವಾರಕ್ಕೆ ಮುಂದೂಡೋಣವೇ?

ಹೊರಗೆ ಜನ ಅವನನ್ನು ಹೊತ್ತುಕೊಂಡು ಕುಣಿಯುವುದೊಂದು ಬಾಕಿ. ನಿಂಬೆಪಾನಕದವಳು ಆಗಲೇ ಗಿರಾಕಿಗಳಿಗೆ "ಎಷ್ಟು ಲೋಟ? ನನಗೆ ಕೇಳಿಸಲಿಲ್ಲ!" ಎಂದು ರಾಗ ಎಳೆಯುತ್ತಿದ್ದಳು. ಸಿಪಾಯಿಗಳು ಒಬ್ಬರಿಗೊಬ್ಬರು "ಕೇಳಿಸಲಿಲ್ಲ!" ಎಂದು ಕೂಗಿ ನಗುತ್ತಿದ್ದರು. ವಿದಾಲ್ ಜನರನ್ನು ಸೀಳಿಕೊಂಡು ಬಂದು ಅವನನ್ನು ನೆಲದಿಂದ ಎತ್ತಿ ಇಳಿಸಿದ.

"ಎದೆ ಒಡೆದುಬಿಟ್ಟಿದ್ದೆಯಲ್ಲೋ! ನೀನು ಎದ್ದಾಗ, ಮುಗೀತು, ಮಾನ ಹೋಯ್ತು ಅಂದ್ಕೊಂಡೆ. ಎಂಥ ಮಾತು ಒಗೆದೆ ಮಾರಾಯ! ರಾತ್ರಿಯೆಲ್ಲ ಕೂತು ಬರೆದರೂ ನನಗೆ ಹೊಳೀತಿರಲಿಲ್ಲ."

"ವಿದಾಲ್, ನನಗೆ ನಿಜವಾಗ್ಲೂ..."

ನಡುವೆ ಒಬ್ಬ ಸಪೂರ ಮನುಷ್ಯ ತೂರಿಕೊಂಡ. ತೋಳಿನ ತುದಿಯೆಲ್ಲ ಮಸಿ. ಟೋಪಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದ. ಪತ್ರಿಕೆಯವನು.

"ಲಾಬಾರ್ತ್ ಅವರೇ ಅಲ್ವಾ? ಕೊನೇಲಿ ತ್ ಬರುತ್ತಾ? ಸರಿ. ಎಡಾನೋ ಬಲಾನೋ?"

"ಏನು?"

"ಎಡಗಡೆಯವರೋ ಬಲಗಡೆಯವರೋ? ಮೊದಲೆಲ್ಲ ದೊರೆಯ ಹಕ್ಕಿನ ಬಗ್ಗೆ ಇಂಥ ಅಭಿಪ್ರಾಯ ಉಳ್ಳವರು, ಮಠದ ಆಸ್ತಿ ಬಗ್ಗೆ ಇಂಥ ನಿಲುವಿನವರು ಅಂತ ಮೂರು ಸಾಲು ಬರೀತಿದ್ದೆ. ಈಗ ಒಂದೇ ಪದ. ಜಾಗಾನೂ ಉಳಿಯುತ್ತೆ, ಓದುವವರಿಗೂ ಥಟ್ಟನೆ ಅರ್ಥ ಆಗುತ್ತೆ. ಹೇಳಿ."

"ಅದು ಎಲ್ಲಿ ನಿಂತು ನೋಡ್ತೀರಿ ಅನ್ನೋದರ ಮೇಲೆ..."

"ಸ್ವಾಮಿ, ಒಂದು ಪದ."

ಒಡೀಲ್ ಮೆಟ್ಟಿಲಿಳಿದು ಬರುತ್ತಿದ್ದಳು. ಜನರ ತಲೆಗಳಾಚೆ ಅವನನ್ನು ನೋಡಿ ತನ್ನ ಕಿವಿಯನ್ನು ಮುಟ್ಟಿಕೊಂಡು ಹುಬ್ಬೇರಿಸಿದಳು. ಹೇಳಿಬಿಡಿ.

"ನನ್ನ ಎಡಗಿವಿ ಕಿವುಡು," ಎಂದ ಲಾಬಾರ್ತ್.

ಪತ್ರಿಕೆಯವನ ಲೇಖನಿ ನಿಂತಿತು. ಬಾಯಿ ತೆರೆಯಿತು. ಆಮೇಲೆ ಅವನು ತೊಡೆ ತಟ್ಟಿ ಕುಣಿದೇಬಿಟ್ಟ. "'ಎಡದ ಕಿವಿ ಕಿವುಡು'! ಅಬ್ಬಬ್ಬಾ! ಎಡದವರ ಬೆಂಚಲ್ಲೇ ಕೂತು ಎಡದವರಿಗೇ ಚುಚ್ಚು! ಬಲದ ಬಗ್ಗೆ? ಬಲದ ಕಿವಿ?"

"ಅದು ಚೆನ್ನಾಗಿ ಕೇಳಿಸುತ್ತೆ."

"ಸಾಕು, ಸಾಕು. ಇನ್ನು ಹೇಳಬೇಡಿ, ಇದೇ ಸಾಕು!" ಅವನು ಬರೆದುಕೊಳ್ಳುತ್ತಲೇ ಓಡಿದ.

ಸುತ್ತ ನಿಂತವರು ಕೇಕೆ ಹಾಕಿದರು. ವಿದಾಲ್ ಕೂಡ ನಕ್ಕ. ಆದರೆ ಎರಡು ಉಸಿರು ತಡವಾಗಿ ನಕ್ಕ. ಆ ತಡವನ್ನು ಲಾಬಾರ್ತ್‌ನಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇರಲಿಲ್ಲ.

"ನನಗೆ ಚುಚ್ಚಿದೆ ಅಲ್ವೇನೋ?" ಎಂದ ವಿದಾಲ್, ಮೆಲ್ಲಗೆ.

"ಇಲ್ಲ ಕಣೋ. ನಿಜ ಹೇಳಿದೆ. ಆ ಜ್ವರ ಬಂದಿತ್ತಲ್ಲ, ಆವಾಗಿಂದ..."

"ಆ ಜ್ವರಕ್ಕೆ ಮದ್ದು ಕೊಟ್ಟವನು ನಾನು." ವಿದಾಲ್ ಅವನ ಕೊರಳಪಟ್ಟಿಯನ್ನು ನೆಟ್ಟಗೆ ಮಾಡಿದ, ಮಗುವಿಗೆ ಮಾಡುವ ಹಾಗೆ. "ಮೂವತ್ತು ವರ್ಷದಿಂದ ನಿನ್ನ ಜೊತೆ ಮಾತಾಡ್ತಾ ಇದೀನಿ. ನಿನ್ನ ಕಿವಿ ಚೆನ್ನಾಗೇ ಇದೆ ಅಂತ ನನಗೆ ಗೊತ್ತಿಲ್ವಾ? ನಾನು ಹೇಳಿದ್ದನ್ನೆಲ್ಲ ಒಪ್ಪಿದೀಯ. ಒಂದು ಸಲಾನಾದರೂ ಇನ್ನೊಮ್ಮೆ ಹೇಳು ಅಂದಿದೀಯಾ?"

ಲಾಬಾರ್ತ್ ಅಭ್ಯಾಸದಂತೆ ತಲೆಯಾಡಿಸಹೋಗಿ ತಡೆದುಕೊಂಡ.

"ಇರಲಿ ಬಿಡು. ಒಳ್ಳೇ ಮಾತು. ಇವತ್ತಿನ ದಿನ ನಿಂದು," ಎಂದು ವಿದಾಲ್ ಒಡೀಲಳ ಕೈಗೆ ಮುತ್ತಿಟ್ಟು, ಯಾರನ್ನೋ ನೋಡಬೇಕೆಂದು ಹೇಳಿ ಹೋದ. ದೊಡ್ಡ ಬೆನ್ನು. ಜನರ ನಡುವೆ ಬಹಳ ದೂರದವರೆಗೂ ಕಾಣುತ್ತಿತ್ತು.

"ಹೇಳಿದ್ರಾ?" ಒಡೀಲ್ ಬಲಬದಿಗೆ ಬಂದಳು.

"ಎರಡು ಸಲ ಹೇಳಿದೆ."

"ಏನಂದ್ರು?"

"ತುಂಬ ಚೆನ್ನಾಗಿದೆ ಅಂದ್ರು."

ಈ ಸಲ ಇಬ್ಬರೂ ಒಟ್ಟಿಗೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು. ಮರದ ನೆರಳಲ್ಲಿ ಕೂತು ಚೀಸ್ ತಿಂದರು. ದಾರಿಹೋಕರು ಟೋಪಿ ತೆಗೆದು ನಮಸ್ಕರಿಸಿದರು. ಯಾರೋ ಒಂದು ಶೀಸೆ ವೈನ್ ತಂದಿಟ್ಟು ಹೋದರು. ಒಬ್ಬ ಹೂ ಮಾರುವವಳು, "ಅಮ್ಮಾ, ನಿಮ್ಮೋರು ಎಡಾನೋ ಬಲಾನೋ?" ಎಂದು ಕೇಳಿದಾಗ ಒಡೀಲ್, "ಹಾಸಿಗೇಲಾ?" ಎಂದಳು. ಹೂವಿನವಳು ಇಡೀ ಬುಟ್ಟಿಯನ್ನೇ ಅವಳ ಮಡಿಲಿಗೆ ಸುರಿದು ನಗುತ್ತಾ ಹೋದಳು. ಮದುವೆಯಾದ ವರ್ಷದ ನಂತರ ಇಷ್ಟು ಒಳ್ಳೆಯ ಮಧ್ಯಾಹ್ನ ಅವರಿಗೆ ಸಿಕ್ಕಿರಲಿಲ್ಲ. ಆದರೂ ಅವಳು ಸುಮ್ಮನಾದಾಗಲೆಲ್ಲ ಲಾಬಾರ್ತ್ ಅದೇ ಲೆಕ್ಕ ಹಾಕುತ್ತಿದ್ದ. ವಿದಾಲ್ ಹೇಳಿದ್ದರಲ್ಲಿ ತಾನು ಒಪ್ಪಿದ್ದು ಎಷ್ಟು? ಕೇಳಿಸಿದ್ದರೆ ಒಪ್ಪುತ್ತಿದ್ದುದು ಎಷ್ಟು?

"ನೀವು ದಿನಾ ಕೂರೋ ಜಾಗ ತೋರಿಸಿ," ಎಂದಳು ಒಡೀಲ್, ಬಿಸಿಲು ಇಳಿಯುವ ಹೊತ್ತಿಗೆ. "ಮೇಲಿಂದ ಬರೀ ತಲೆ ಕಾಣ್ತಿತ್ತು."

ಸಭಾಭವನದ ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಬಡಗಿಗಳ ಹಾಡು. ನಾಲ್ವರು ಅಂಗಿ ತೋಳು ಮಡಚಿ, ನಡುವಿನಲ್ಲಿ ಅಡ್ಡಕ್ಕೆ ಹಾಕಿದ್ದ ಬೆಂಚುಗಳನ್ನು ಕೀಳುತ್ತಿದ್ದರು. ನೆಲದ ಮೇಲೆ ಖಾಲಿ ಶೀಸೆಗಳಿದ್ದವು.

"ಯಾಕಪ್ಪಾ ಇದನ್ನ ತೆಗೀತಿದೀರಿ?" ಎಂದು ಲಾಬಾರ್ತ್ ಕೇಳಿದ.

"ಇಲ್ಲಿ ಯಾರೂ ಕೂರಾಕಿಲ್ಲ ಸ್ವಾಮಿ," ಎಂದ ಅವರಲ್ಲಿ ಹಿರಿಯ. "ಓಡಾಡಾಕೆ ಜಾಗ ಆಗ್ಲಿ ಅಂದ್ರು. ಆ ಕಡೇರು ಆ ಕಡೆ, ಈ ಕಡೇರು ಈ ಕಡೆ. ಮಧ್ಯ ಖಾಲಿ ಬುಟ್ರೆ ಕೈ ಕೈ ಮಿಲಾಯ್ಸಾಕೂ ಆಗಾಕಿಲ್ಲ ನೋಡಿ."

ಒಂದೇ ಬೆಂಚು ಉಳಿದಿತ್ತು. ಒಡೀಲ್ ಅದರ ಮೇಲೆ ಕೂತು, ಕುಣಿದು ನೋಡಿ, "ಗಟ್ಟಿಯಾಗಿದೆ," ಎಂದಳು. ಲಾಬಾರ್ತ್ ಅವಳ ಪಕ್ಕ ಕೂತ. ಇಲ್ಲಿಂದ ಭಾಷಣದ ಮೆಟ್ಟಿಲು ನೇರ ಎದುರಿಗಿತ್ತು.

ಬಡಗಿಗಳಲ್ಲೊಬ್ಬ ಅವನನ್ನು ದಿಟ್ಟಿಸಿದ. "ಲೇ, ಇವ್ರೇ ಕಣ್ಲಾ! ಕೇಳಿಸ್ಲಿಲ್ಲ ಅಂದೋರು!"

"ಔದಾ? ಔದಾ ಸ್ವಾಮಿ?"

ಲಾಬಾರ್ತ್ ಏಳಹೋದ.

"ಏಳ್ಬ್ಯಾಡಿ, ಏಳ್ಬ್ಯಾಡಿ! ಅಮ್ಮಾ, ನೀವು ಒಸಿ ಈ ಕಡೆ ಬನ್ನಿ. ಸ್ವಾಮಿ, ಗಟ್ಟಿಯಾಗಿ ಇಡ್ಕಳಿ!"

ನಾಲ್ವರೂ ಹೋ ಎಂದು ಬೆಂಚನ್ನು ಅವನ ಸಮೇತ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು. ಒಡೀಲ್ ಚಪ್ಪಾಳೆ ತಟ್ಟಿ ಮಡಿಲಲ್ಲಿದ್ದ ಹೂಗಳನ್ನು ಅವನ ಮೇಲೆ ಎರಚಿದಳು. ಬೆಂಚಿನ ಮೇಲೆ ಅಡ್ಡಡ್ಡ ಕೂತು, ಎರಡೂ ಕೈಯಲ್ಲಿ ಹಲಗೆ ಹಿಡಿದು, ಹಬ್ಬದ ದಿನ ಬೀದಿಗೆ ಬಂದ ಸಂತನ ಮೂರ್ತಿಯ ಹಾಗೆ ಅವನು ತೂಗುತ್ತಾ ಹೊರಟ. ಖಾಲಿ ಬೆಂಚುಗಳು ಕೆಳಗೆ ಸಾಲುಸಾಲಾಗಿ ಸರಿದವು. ನಗು ತಡೆಯಲಾಗಲಿಲ್ಲ. ಹಾಡಿನ ಪದ ಗೊತ್ತಿರಲಿಲ್ಲ, ಹಾಡಿದ.

ಬಾಗಿಲಲ್ಲಿ ಬೆಂಚು ಸಿಕ್ಕಿಕೊಂಡಿತು.

ಮುಂದಿನ ಇಬ್ಬರು ಹಿಂದುಹಿಂದಕ್ಕೆ ನಡೆದು ಆಗಲೇ ಅಂಗಳದಲ್ಲಿದ್ದರು. ಹಿಂದಿನ ಇಬ್ಬರು ಇನ್ನೂ ಒಳಗಿದ್ದರು. ಇಬ್ಬರಿಬ್ಬರೂ ಎದುರುಬದುರು.

"ಎಡಕ್ಕೆ ತಿರುಗ್ಸು!" ಹೊರಗಿನವನು ಕೂಗಿದ.

ಬೆಂಚು ಕಿರುಗುಟ್ಟಿ ಚೌಕಟ್ಟಿಗೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಿತು.

"ಎಡಕ್ಕೆ ಅಂದ್ನಲ್ಲೋ!"

ಒಳಗಿನವರು ಏನಂದರೋ. ಒಳಗೆಂಬುದು ಅವನ ಎಡಗಿವಿಯ ಕಡೆಗಿತ್ತು. ಬೆಂಚು ಒಂದು ಸಲ ಆ ಕಡೆ ವಾಲಿತು, ಒಂದು ಸಲ ಈ ಕಡೆ ವಾಲಿತು. ಲಾಬಾರ್ತ್ ಕತ್ತು ಬಗ್ಗಿಸಿದ. ನೆತ್ತಿ ಮೇಲಿನ ತೊಲೆಗೆ ತಾಕಿತು. ಮಂಡಿ ಚೌಕಟ್ಟಿಗೆ ಒತ್ತಿಕೊಂಡಿತು. ಮೂಗಿನ ಮುಂದೆ ಗೇಣುದ್ದದಲ್ಲಿ ಬಾಗಿಲಿನ ಮರ, ಹೊಸ ಬಣ್ಣ, ಬಣ್ಣದೊಳಗೆ ಅಂಟಿ ಒಣಗಿದ್ದ ಒಂದು ನೊಣ. ಸಭೆಯೂ ಕಾಣಲಿಲ್ಲ, ಅಂಗಳವೂ ಕಾಣಲಿಲ್ಲ.

"ನಿಮ್ಮ ಎಡವೋ ಒಳಗಿನವರ ಎಡವೋ?" ಎಂದು ಕೇಳಬೇಕೆಂದು ಬಾಯಿ ತೆರೆದ. ಎದೆ ಮೊಣಕಾಲಿಗೆ ಒತ್ತಿದ್ದರಿಂದ ದನಿ ಬರಲಿಲ್ಲ.

"ಎಡಕ್ಕೆ!" ಹೊರಗಿನವರು ಖುಷಿಯಲ್ಲಿ ಒಕ್ಕೊರಲಿನಿಂದ ಕೂಗಿ ಮತ್ತೆ ಜಗ್ಗಿದರು.

ಒಳಗೆ ಒಡೀಲ್ ಇನ್ನೂ ನಗುತ್ತಿದ್ದಳೋ, ನಿಲ್ಲಿಸಿದ್ದಳೋ, ಅವನಿಗೆ ಕೇಳಿಸಲಿಲ್ಲ.